ಸಂಜೆ ಐದರ ಉಪಸ್ಥಿತಿ

ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಕಂಡರೆ ನನಗೆ ಕೈ ತುರಿಸುತ್ತದೆ. ಕೆಟ್ಟುಹೋದದ್ದರ ಗೊಡವೆಗೆ ನಾನು ಹೋಗುವವನಲ್ಲ, ಅದಕ್ಕೆ ಮೆಕ್ಯಾನಿಕ್ಕುಗಳಿದ್ದಾರೆ. ಆದರೆ ಯಾರ ತಂಟೆಗೂ ಹೋಗದೆ ತನ್ನಷ್ಟಕ್ಕೆ ತಾನು ತಿರುಗುತ್ತಿರುವ ಫ್ಯಾನು, ರುಬ್ಬುತ್ತಿರುವ ಮಿಕ್ಸಿ, ಹೊಡೆಯುತ್ತಿರುವ ಗಡಿಯಾರ ಕಣ್ಣಿಗೆ ಬಿದ್ದರೆ ಸಾಕು, ಇದನ್ನು ಇನ್ನಷ್ಟು ಚೆನ್ನಾಗಿ ಮಾಡಬಹುದಲ್ಲ ಎಂಬ ಯೋಚನೆ ಹುಟ್ಟಿ ನಿದ್ದೆ ಬರುವುದಿಲ್ಲ. ಮೈಸೂರಿನಲ್ಲಿ ನಮ್ಮಪ್ಪ ಸ್ಕ್ರೂಡ್ರೈವರನ್ನು ದೇವರ ಗೂಡಿನಲ್ಲಿ, ಗಂಗಾಜಲದ ತಂಬಿಗೆಯ ಹಿಂದೆ ಬಚ್ಚಿಡುತ್ತಿದ್ದರು. ಸ್ನಾನ ಮಾಡದೆ ನಾನು ಅಲ್ಲಿಗೆ ಕೈಹಾಕಲಾರೆ, ಸ್ನಾನವನ್ನಂತೂ ನಾನು ಮಧ್ಯಾಹ್ನದೊಳಗೆ ಮಾಡಲಾರೆ ಎಂಬುದು ಅವರ ಧೈರ್ಯ. ಇಂಥವನು ಸಾಫ್ಟ್‌ವೇರಿಗೆ ಸೇರಿ, ಕಂಪನಿಯವರು ಜಪಾನಿಗೆ ಕಳಿಸಿ, ಸೆಂಡಾಯ್ ಊರಿನ ಒಂದು ಹಳೆಯ ಮನೆಯಲ್ಲಿ ಸ್ಕ್ರೂಡ್ರೈವರ್ ಸಮೇತ ಬಿಟ್ಟುಬಿಟ್ಟರೆ ಏನಾಗಬೇಕೋ ಅದೇ ಆಯಿತು. ನಾನು ದೆವ್ವವನ್ನು ನಂಬುವುದಿಲ್ಲ. ಆದರೆ ಕಳೆದ ಚಳಿಗಾಲದಲ್ಲಿ ದೆವ್ವಕ್ಕೆ ನನ್ನ ನಂಬಿಕೆಯ ಅಗತ್ಯವೇನೂ ಇದ್ದಂತೆ ಕಾಣಲಿಲ್ಲ.

ಮನೆ ಮರದ್ದು, ಎರಡು ಅಂತಸ್ತಿನದು, ನನಗಿಂತ ವಯಸ್ಸಿನಲ್ಲಿ ದೊಡ್ಡದು. ಜಪಾನಿನಲ್ಲಿ ತಾವು ಕೂತ ಕೋಣೆಯನ್ನಷ್ಟೇ ಬೆಚ್ಚಗಿಟ್ಟುಕೊಂಡು ಮಿಕ್ಕ ಮನೆಯನ್ನು ಚಳಿಗೆ ಬಿಟ್ಟುಕೊಡುವುದು ವಾಡಿಕೆ. ಬಚ್ಚಲಿಗೆ ಹೋಗುವುದೆಂದರೆ ಮನೆಯವರಿಗೆಲ್ಲ ಹೇಳಿ ಯಾತ್ರೆ ಹೊರಟ ಹಾಗೆ. ನಮ್ಮ ಮನೆಗೆ ಮಾತ್ರ ಒಂದು ಹೆಚ್ಚುಗಾರಿಕೆಯಿತ್ತು. ಹಿತ್ತಲ ಗೋಡೆಗೆ ಆತುಕೊಂಡು ಸೀಮೆಎಣ್ಣೆಯ ಹಳೇ ಬಾಯ್ಲರೊಂದು ನಿಂತಿತ್ತು. ಅದು ಬಚ್ಚಲಿಗೂ, ಕೋಣೆಕೋಣೆಯ ಗೋಡೆಗೆ ಹಚ್ಚಿದ ಕಬ್ಬಿಣದ ಪಟ್ಟಿಗಳಿಗೂ ಬಿಸಿನೀರು ಕಳಿಸುತ್ತಿತ್ತು. ಹೊತ್ತಿಕೊಳ್ಳುವಾಗ ಒಮ್ಮೆ 'ದುಂ' ಎಂದು ಎದೆ ತಟ್ಟಿಕೊಂಡ ಹಾಗೆ ಸದ್ದು ಮಾಡುತ್ತಿತ್ತು, ಅಷ್ಟೆ. ಬೇರೇನೂ ತಕರಾರಿರಲಿಲ್ಲ.

ನನ್ನ ಹೆಂಡತಿ ಚೈತ್ರಾಳಿಗೆ ದಿನ ತುಂಬುತ್ತಾ ಬಂದಾಗ, ಬಾಣಂತನಕ್ಕೆ ನಮ್ಮತ್ತೆ ಮೈಸೂರಿನಿಂದ ಇಲ್ಲಿಗೇ ಬರುವುದೆಂದು ತೀರ್ಮಾನವಾಯಿತು. ಹೊರಡುವ ಮುಂಚೆ ಫೋನಿನಲ್ಲಿ ನನ್ನನ್ನು ಪ್ರತ್ಯೇಕವಾಗಿ ಕರೆಸಿಕೊಂಡು ಹೇಳಿದರು: "ನೋಡಿ ಅಳಿಯಂದ್ರೇ, ಬಾಣಂತಿಗೆ ಥಂಡಿ ತಗುಲಬಾರ್ದು, ಮಗು ಹೆದರಬಾರ್ದು. ಮಿಕ್ಕಿದ್ದೆಲ್ಲ ನನಗೆ ಬಿಡಿ. ಆದ್ರೆ ಮನೆ ಸರಿಯಿಲ್ಲ ಅಂತ ಅನ್ನಿಸ್ತೋ, ಮಗಳನ್ನೂ ಮಗೂನೂ ಕರ್ಕೊಂಡು ಮೈಸೂರಿಗೆ ಹೊರಟ್ಬಿಡ್ತೀನಿ. ಆಮೇಲೆ ಬೇಜಾರು ಮಾಡ್ಕೋಬಾರ್ದು." ನಾನು ಆ ಕ್ಷಣವೇ ಕಂಪ್ಯೂಟರ್ ತೆರೆದು ಒಂದು ಸ್ಮಾರ್ಟ್ ಥರ್ಮೋಸ್ಟಾಟಿಗೆ ಆರ್ಡರ್ ಮಾಡಿದೆ. ಮನೆಯ ಶಾಖವನ್ನು ಅಳೆದು, ಯಾರಿದ್ದಾರೆ ಯಾರಿಲ್ಲ ಎಂದು ನೋಡಿ, ನಮ್ಮ ಅಭ್ಯಾಸಗಳನ್ನು ತಾನೇ ಕಲಿತು, ಬಾಯ್ಲರಿಗೆ ಅಪ್ಪಣೆ ಕೊಡುವ ಯಂತ್ರ ಅದು. ಬಾಯ್ಲರು ಅದಿಲ್ಲದೆಯೇ ಮನೆಯನ್ನು ಬೆಚ್ಚಗಿಟ್ಟಿತ್ತಲ್ಲ ಎಂದು ಚೈತ್ರಾ ಕೇಳಿದಳು. ಹೆಂಗಸರಿಗೆ ಇಂಥ ವಿಷಯ ಅರ್ಥವಾಗುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿಬಿಟ್ಟು ಹೇಳುವಷ್ಟು ದಡ್ಡ ನಾನಲ್ಲ.

ಹೊಸ ಯಂತ್ರಕ್ಕೂ ಹಳೆಯ ಬಾಯ್ಲರಿಗೂ ಸಂಬಂಧ ಕುದುರಿಸುವುದು ಜಾತಕ ಕೂಡದ ಮದುವೆ ಮಾಡಿಸುವಷ್ಟು ಕಷ್ಟ. ಇದು ವೈಫೈ ಬೇಡುತ್ತದೆ, ಅದಕ್ಕೆ ಎರಡು ತಂತಿಗಳಾಚೆ ಲೋಕಜ್ಞಾನವಿಲ್ಲ. ಯಾವುದೋ ದೇಶದ ಗಡ್ಡದ ಮಹಾನುಭಾವನೊಬ್ಬ ಇದನ್ನೆಲ್ಲ ಮಾಡಿ ತೋರಿಸಿದ ವಿಡಿಯೋ ಸಿಕ್ಕಿತು. ಅವನ ಬಾಯ್ಲರಿನಲ್ಲಿ ತಂತಿಗಳು ಕೆಂಪು ನೀಲಿ. ನನ್ನದರಲ್ಲಿ ಎರಡೂ ಬೂದುಬಣ್ಣ. ಅಡುಗೆಮನೆಯ ಗೋಡೆಯಲ್ಲಿದ್ದ ಬಾಯ್ಲರಿನ ಫಲಕದ ಜಪಾನಿ ಅಕ್ಷರಗಳು ಯಾರದೋ ಬೆರಳು ಒತ್ತಿ ಒತ್ತಿ ಅರ್ಧ ಅಳಿಸಿಹೋಗಿದ್ದವು. ಮೊಬೈಲಿನ ಕ್ಯಾಮೆರಾ ಹಿಡಿದು ಅನುವಾದ ಕೇಳಿದರೆ ಒಂದು ಗುಂಡಿಗೆ 'ಬೆನ್ನಟ್ಟಿ ಸುಡು' ಎಂದಿತು. ಆ ಗುಂಡಿಯನ್ನು ನಾನು ಮುಟ್ಟಲಿಲ್ಲ. ಕೊನೆಗೆ, ಅತ್ತೆಯನ್ನು ಕರೆತರಲು ನಾವಿಬ್ಬರೂ ಹೊರಡಬೇಕಾದ ದಿನ, ಬಾಯ್ಲರಿನ ವಿದ್ಯುತ್ತನ್ನೇ ಕಡಿದು, ತಂತಿ ಸೇರಿಸಿ, ಮತ್ತೆ ಹಚ್ಚಿದೆ. ಫಲಕ ಒಮ್ಮೆ ಉದ್ದಕ್ಕೆ ಕೂಗಿ, ಕಣ್ಣು ಮಿಟುಕಿಸಿ, ಹಸಿರಾಯಿತು. ಹಿತ್ತಲಲ್ಲಿ ದುಂ ಎಂದಿತು. ಪಕ್ಕದ ಮನೆಯಲ್ಲೇ ಇದ್ದ ಮನೆಯೊಡತಿ ಕಿಕುಚಿ-ಸಾನ್ ಅವರ ಅನುಮತಿಯನ್ನು ಮಾತ್ರ ನಾನು ಕೇಳಿರಲಿಲ್ಲ. ಬಾಡಿಗೆ ಮನೆಯಲ್ಲಿ ಒಂದು ಮೊಳೆ ಹೊಡೆಯಲೂ ಕೇಳಬೇಕಾದ ಊರಿದು. ಹಾಗಾಗಿ ಮುಂದೆ ಏನೇ ಆದರೂ ಅವರ ಬಾಗಿಲು ತಟ್ಟುವ ಹಾಗಿರಲಿಲ್ಲ.

ಥರ್ಮೋಸ್ಟಾಟಿನ ಆ್ಯಪ್ ಕನ್ನಡದಲ್ಲೂ ಸಿಗುತ್ತಿತ್ತು. ಅತ್ತೆಗೆ ಅನುಕೂಲವಾಗಲೆಂದು ಅವರ ಮೊಬೈಲಿಗೂ ಹಾಕಿಕೊಟ್ಟೆ. ಆ ಕನ್ನಡವನ್ನು ಯಾರು ಬರೆದರೋ, ಅವರಿಗೆ ಸರ್ಕಾರಿ ಕಚೇರಿಯಲ್ಲಿ ದೀರ್ಘಕಾಲ ಸೇವೆಯಾಗಿರಬೇಕು. ಮನೆಯಲ್ಲಿ ಯಾರಾದರೂ ಓಡಾಡಿದರೆ 'ಗೃಹದಲ್ಲಿ ಉಪಸ್ಥಿತಿ ಪತ್ತೆಯಾಗಿದೆ' ಎನ್ನುತ್ತಿತ್ತು. ಎಲ್ಲರೂ ಹೊರಗೆ ಹೋದರೆ 'ಉಪಸ್ಥಿತಿ ಇಲ್ಲ' ಎಂದು ಶಾಖ ತಗ್ಗಿಸುತ್ತಿತ್ತು. ಅತ್ತೆ ಬಂದಿಳಿದು, ಬಜೆ, ಸಾಂಬ್ರಾಣಿ, ಹರಳೆಣ್ಣೆಗಳ ವಾಸನೆ ಮನೆಯಲ್ಲೆಲ್ಲ ಹರಡಿ, ಬೆಚ್ಚಗಿನ ಗೋಡೆಗೆ ಅಂಗೈಯಿಟ್ಟು ನೋಡಿ "ಪರವಾಗಿಲ್ಲ" ಎಂದಾಗ ನನಗೆ ಪದವಿ ಪ್ರದಾನವಾದಂತಾಯಿತು.

ಅತ್ತೆ ಬಂದ ರಾತ್ರಿಯೇ ಚೈತ್ರಾಳಿಗೆ ನೋವು ಬಂದು, ಮರುದಿನ ಹೆಣ್ಣುಮಗು ಹುಟ್ಟಿತು. ಅದನ್ನು ನೋಡಲು ನಾನೂ ಅತ್ತೆಯೂ ಆಸ್ಪತ್ರೆಯಲ್ಲಿ ಕೂತಿದ್ದೆವು. ಕಿಟಕಿಯಾಚೆ ಹಿಮ ಬೀಳುತ್ತಿತ್ತು, ಆಗಲೇ ಕತ್ತಲಾಗಿತ್ತು. ಚಳಿಗಾಲದಲ್ಲಿ ಇಲ್ಲಿ ಸೂರ್ಯ ಬೇಗ ಅಂಗಡಿ ಮುಚ್ಚುತ್ತಾನೆ. ಸಂಜೆ ಐದಕ್ಕೆ ಊರಿನ ಕಂಬಗಳ ಮೇಲಿನ ಧ್ವನಿವರ್ಧಕಗಳಲ್ಲಿ ನಿಧಾನವಾದ ಒಂದು ರಾಗ ನುಡಿಸುತ್ತಾರೆ, ಆಡುವ ಮಕ್ಕಳು ಮನೆಗೆ ಹೋಗಲಿ ಎಂದು. ಆ ರಾಗ ನಿಂತು ಸ್ವಲ್ಪ ಹೊತ್ತಿಗೆ ಅತ್ತೆಯ ಮೊಬೈಲೂ ನನ್ನ ಮೊಬೈಲೂ ಒಟ್ಟಿಗೇ ನಡುಗಿದವು. ಗೃಹದಲ್ಲಿ ಉಪಸ್ಥಿತಿ ಪತ್ತೆಯಾಗಿದೆ.

ಅತ್ತೆ ಕನ್ನಡಕ ಸರಿಮಾಡಿಕೊಂಡು ಓದಿದರು. "ಉಪಸ್ಥಿತಿ ಅಂದ್ರೆ ಯಾರು?" ಎಂದರು. ಏನೋ ತಪ್ಪು ತಿಳಿದಿರಬೇಕು ಎಂದೆ. ಮನೆಗೆ ಬಂದು ಬಾಗಿಲು ತೆರೆದರೆ ಒಳಗೆ ಯಾರೂ ಇರಲಿಲ್ಲ. ಬಚ್ಚಲ ಬಾಗಿಲು ಮಾತ್ರ ಅರೆ ತೆರೆದಿತ್ತು. ಕನ್ನಡಿಗೆ ಹಬೆ ಕಟ್ಟಿತ್ತು. ಮುಚ್ಚಳ ಹಾಕಿದ್ದ ತೊಟ್ಟಿಯನ್ನು ತೆರೆದು ನೋಡಿದರೆ, ಅಂಚಿನವರೆಗೆ ತುಂಬಿದ ಬಿಸಿನೀರು ಅಲುಗಾಡದೆ ನಿಂತಿತ್ತು. ನಾವು ಆ ತೊಟ್ಟಿಯನ್ನು ಒಮ್ಮೆಯೂ ಬಳಸಿದವರಲ್ಲ. ಒಬ್ಬರು ಇಳಿದ ನೀರಿಗೆ ಇನ್ನೊಬ್ಬರು ಇಳಿಯುವುದು ನಮಗೆ ಹಿಡಿಸದೆ, ಮೊದಲ ದಿನದಿಂದಲೂ ಬಕೆಟ್ಟು ಚೊಂಬಿನಲ್ಲೇ ಸ್ನಾನ. ತೊಟ್ಟಿಯ ತೂತಿನಿಂದ ಥಂಡಿಗಾಳಿ ಬರುತ್ತದೆಂದು ಅತ್ತೆ ಬಿರಡೆ ಹಾಕಿ, ಮುಚ್ಚಳದ ಮೇಲೆ ಬಕೆಟ್ ಬೋರಲು ಹಾಕಿದ್ದರು. ಬಕೆಟ್ ಇಟ್ಟಲ್ಲೇ ಇತ್ತು. "ನೀವು ಬಿಟ್ಟಿರ್ತೀರಾ" ಎಂದು ಅತ್ತೆಯೂ, "ನೀವೇ ಬಿಟ್ಟಿರಬೇಕು" ಎಂದು ನಾನೂ ಒಬ್ಬರನ್ನೊಬ್ಬರು ಸಮಾಧಾನಪಡಿಸಿಕೊಂಡೆವು. ಇಬ್ಬರಿಗೂ ಸಮಾಧಾನವಾಗಲಿಲ್ಲ.

ಬಾಣಂತಿ ಮಗು ಮನೆಗೆ ಬಂದ ಮೇಲೆ ವಿಷಯ ಜೋರಾಯಿತು. ನಾನು ಕಚೇರಿಯಲ್ಲಿದ್ದೆ, ನಮ್ಮ ಮುಖ್ಯಸ್ಥ ಮೊರಿ-ಸಾನ್ ಕುರ್ಚಿ ಬಿಟ್ಟೇಳುವ ಮುಂಚೆ ನಾವು ಏಳುವ ಹಾಗಿಲ್ಲವಾದ್ದರಿಂದ ಮನೆಗೆ ಬರುವುದು ಯಾವಾಗಲೂ ತಡ. ಅತ್ತೆ ಫೋನು ಮಾಡಿ ಪಿಸುಗುಟ್ಟಿದರು: "ಬಚ್ಚಲಲ್ಲಿ ಯಾರೋ ಹೆಂಗಸು ಕರೀತಿದಾಳೆ." ಫೋನನ್ನು ಅತ್ತ ಹಿಡಿಯಲು ಹೇಳಿದೆ. ಚಿಕ್ಕದೊಂದು ಸಂಗೀತ ಬಂತು. ಆಮೇಲೆ ಬಲು ವಿನಯದ, ಉಸಿರೇ ಇಲ್ಲದ ಹೆಣ್ಣುದನಿಯೊಂದು ಜಪಾನಿಯಲ್ಲಿ, ಸ್ನಾನಕ್ಕೆ ನೀರು ಕಾದಿದೆ, ಎಂದಿತು. ನಾನು ಅದನ್ನು ಅತ್ತೆಗೆ ಹೇಳಿ, ಮಾತಾಡುವುದು ಬಾಯ್ಲರ್, ಹೆದರಬೇಡಿ ಎಂದೆ. ಅತ್ತೆ "ಸರಿ. ಯಾರಿಗೆ ಹೇಳ್ತಿದೆ ಅದು?" ಎಂದು ಕೇಳಿದರು.

ಇಂಜಿನಿಯರಾದವನು ಇಂಥಲ್ಲಿ ಒಂದೊಂದಾಗಿ ಪರೀಕ್ಷಿಸಬೇಕು. ಭಾನುವಾರ ಬಿರಡೆ ಕಿತ್ತೆ. ಐದಕ್ಕೆ ನೀರು ತಾನಾಗಿ ಬಂದು, ಬಂದು, ತೂತಿನಲ್ಲಿ ಇಳಿದು ಹೋಯಿತು. ಆ ಹೆಂಗಸು ಈ ಸಲ ನನ್ನ ಜಪಾನಿಗೆ ನಿಲುಕದ ಬೇರೇನೋ ಹೇಳಿದಳು, ಸ್ವಲ್ಪ ಗಡುಸಾಗಿ, ಮತ್ತೆ ಮತ್ತೆ. ಅತ್ತೆ ಓಡಿಹೋಗಿ ಬಿರಡೆ ಹಾಕಿ, "ಕೋಪ ಮಾಡ್ಕೊಂಡಿದಾಳೆ, ಯಾಕ್ರೀ ಕೆಣಕ್ತೀರಾ" ಎಂದರು. ಮುಂದಿನ ಭಾನುವಾರ, ಎಲ್ಲ ನನ್ನ ಥರ್ಮೋಸ್ಟಾಟಿನದೇ ತಪ್ಪಿರಬೇಕೆಂದು, ಅದರ ತಂತಿ ಎರಡನ್ನೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹಿತ್ತಲಲ್ಲಿ ಹಿಮದ ಮೇಲೆ ನಿಂತೆ. ದೂರದಲ್ಲಿ ಸೀಮೆಎಣ್ಣೆ ಮಾರುವ ಲಾರಿ ತನ್ನ ಮಕ್ಕಳ ಹಾಡು ಹಾಕಿಕೊಂಡು ಗಲ್ಲಿ ತಿರುಗುತ್ತಿತ್ತು. ಕಂಬದ ಮೇಲಿನ ರಾಗ ಶುರುವಾಯಿತು, ಮುಗಿಯಿತು. ಎಲ್ಲ ನಿಶ್ಶಬ್ದ. ನನ್ನ ಮುಷ್ಟಿಯಲ್ಲಿ ಎರಡು ಬೂದು ತಂತಿ. ದುಂ, ಎಂದಿತು ಬಾಯ್ಲರ್. ನನ್ನ ಕೈಕಾಲು ತಣ್ಣಗಾದದ್ದು ಹಿಮದಿಂದ ಎಂದು ಹೇಳಿಕೊಳ್ಳುವ ಇಚ್ಛೆಯೇನೋ ಇದೆ. ಬಾಯ್ಲರನ್ನೇ ಆರಿಸಿಬಿಟ್ಟರೆ ಮಗುವಿಗೆ ಶಾಖವಿಲ್ಲ, ಕೊಳವೆಗಳಲ್ಲಿ ನೀರು ಹೆಪ್ಪುಗಟ್ಟುತ್ತದೆ. ತಂತಿಗಳನ್ನು ಮೊದಲಿದ್ದಲ್ಲೇ ಸೇರಿಸಿ ಒಳಗೆ ಬಂದೆ.

ಥರ್ಮೋಸ್ಟಾಟು ಇಷ್ಟು ದಿನ ಸುಮ್ಮನಿರಲಿಲ್ಲ. ಅದು ಕಲಿಯುವ ಯಂತ್ರ. ಆ ವಾರ ಎಲ್ಲರ ಮೊಬೈಲಿಗೂ ಸಂದೇಶ ಬಂತು: 'ಗೃಹಸದಸ್ಯರೊಬ್ಬರು ಪ್ರತಿದಿನ ಸಂಜೆ ಐದಕ್ಕೆ ಆಗಮಿಸುತ್ತಾರೆಂದು ಅರಿಯಲಾಗಿದೆ. ಇನ್ನು ಮುಂದೆ ಅವರ ಆಗಮನಕ್ಕೆ ಮುಂಚಿತವಾಗಿ ಹಜಾರವನ್ನು ಬೆಚ್ಚಗಿಡಲಾಗುವುದು.' ಹೇಳಿದ ಮಾತನ್ನು ಅದು ಉಳಿಸಿಕೊಂಡಿತು. ಐದಾಗುತ್ತಾ ಬಂದ ಹಾಗೆ ಬಾಗಿಲಿನಿಂದ ಬಚ್ಚಲವರೆಗಿನ ಹಜಾರ ಹದವಾಗಿ ಬೆಚ್ಚಗಾಗುತ್ತಿತ್ತು, ಯಾರೋ ಚಳಿಯಲ್ಲಿ ನಡೆದು ಬಂದು ಚಪ್ಪಲಿ ಬಿಚ್ಚುವುದನ್ನೇ ಕಾಯುತ್ತಿದ್ದ ಹಾಗೆ. ಚೈತ್ರಾ ಮೊದಲು ನಕ್ಕಿದ್ದವಳು ಈಗ ಆ ಹೊತ್ತಿಗೆ ಮಗುವನ್ನೆತ್ತಿಕೊಂಡು ಮೇಲಿನ ಕೋಣೆ ಸೇರುತ್ತಿದ್ದಳು. "ಐ ನೋ ಇಟ್ಸ್ ಜಸ್ಟ್ ಅ ಮಷೀನ್ ಕಣೋ," ಎಂದಳು ನನಗೆ, "ಬಟ್ ನಾನಂತೂ ಆ ಟೈಮಲ್ಲಿ ಕೆಳಗಿರಲ್ಲ."

ಅತ್ತೆ ಇನ್ನೊಂದು ಕಂಡುಹಿಡಿದರು. ಬೇಲಿಯಾಚೆ ಪಕ್ಕದ ಮನೆಯ ಅಡುಗೆಮನೆಯ ಕಿಟಕಿಯಲ್ಲಿ, ಸರಿಯಾಗಿ ನಮ್ಮ ಬಚ್ಚಲಿನಿಂದ ಹಬೆ ಏಳುವ ಹೊತ್ತಿಗೆ, ಬಿಳೀ ಕೂದಲಿನ ಮುಖವೊಂದು ಬಂದು ನಿಲ್ಲುತ್ತದೆ, ದೀಪ ಹಚ್ಚದೆ, ಕೈ ಮುಗಿದುಕೊಂಡು. ಅದು ಮನೆಯೊಡತಿ ಕಿಕುಚಿ-ಸಾನ್ ಎಂದು ನಾನು ಹೇಳಿದೆ. "ಅವ್ರಿಗೂ ಗೊತ್ತಿದೆ ಅಂತಾಯ್ತು" ಎಂದರು ಅತ್ತೆ. ಅಲ್ಲಿಗೆ ಅವರ ನಿರ್ಧಾರವಾಯಿತು. ಪಾಪುವಿನ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದೆವಲ್ಲ, ಅದು ಕೈಗೆ ಬಂದ ತಕ್ಷಣ ಮೂವರೂ ಮೈಸೂರಿಗೆ. "ನಿಮ್ಮನ್ನ ದೂರ್ತಿಲ್ಲ ಅಳಿಯಂದ್ರೇ. ನಮಗಿಂತ ಮುಂಚೆ ಬಂದೋರು ಇರೋ ಮನೇಲಿ ಹಸುಗೂಸು ಇಟ್ಕೊಳೋದು ಸರಿಯಲ್ಲ." ಚೈತ್ರಾ ಆಗಲೇ ಪಾಪುವಿನ ಬಟ್ಟೆ ಮಡಿಸಿ ಒಂದು ಕಡೆ ಇಡತೊಡಗಿದಳು, ನನಗೆ ಅದೇ ಹೆಚ್ಚು ನೋವಾಯಿತು. ಪಾಪು ಆಗಷ್ಟೇ ನನ್ನ ಕಿರುಬೆರಳು ಹಿಡಿಯಲು ಕಲಿತಿತ್ತು. ಮತ್ತೆ ನೋಡುವ ಹೊತ್ತಿಗೆ ಅದು ಬೇರೆಯವರ ಬೆರಳುಗಳನ್ನೆಲ್ಲ ಹಿಡಿದು, ನನ್ನದನ್ನು ಕಂಡರೆ ಅಳುತ್ತದೆ ಎನಿಸಿತು.

ಆಗ ಅನುಮತಿಯ ಹೆದರಿಕೆಯೆಲ್ಲ ಹೋಯಿತು. ಶನಿವಾರ ಅತ್ತೆ ತಂದಿದ್ದ ಮೈಸೂರುಪಾಕಿನ ಡಬ್ಬಿ ಹಿಡಿದು ಕಿಕುಚಿ-ಸಾನ್ ಅವರ ಬಾಗಿಲು ತಟ್ಟಿದೆ. ಸುಮಿಮಾಸೆನ್, ತಪ್ಪಾಯಿತು, ಸುಮಿಮಾಸೆನ್ ಎಂದು ಹತ್ತಾರು ಸಲ ಬಗ್ಗಿ, ಬಾಯ್ಲರಿಗೆ ಹೇಳದೆ ಕೇಳದೆ ತಂತಿ ಸಿಕ್ಕಿಸಿದ್ದನ್ನೂ, ಐದರ ಸ್ನಾನದ ನೀರನ್ನೂ, ಅತ್ತೆಯ ನಿರ್ಧಾರವನ್ನೂ ನನ್ನ ಮುರುಕು ಜಪಾನಿಯಲ್ಲಿ ಹೇಳಿ ಮುಗಿಸಿದೆ. ಎಪ್ಪತ್ತು ದಾಟಿದ ಆ ಹೆಂಗಸು ಬೈಯುತ್ತಾರೆಂದು ಕಾದರೆ, ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು. ಆಮೇಲೆ, ನನಗೆ ತಿಳಿಯಲೆಂದು ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು. ಆ ಮನೆ ಅವರು ಹುಟ್ಟಿ ಬೆಳೆದದ್ದು. ಅವರಣ್ಣ ಅಲ್ಲೇ ಒಬ್ಬರೇ ಇದ್ದರು. ಐದಕ್ಕೆ ಸ್ನಾನ ಎಂದರೆ ಐದಕ್ಕೆ; ಫಲಕದಲ್ಲಿ ಹೊತ್ತು ಗೊತ್ತುಮಾಡಿ ಇಟ್ಟಿದ್ದರು, ತೊಟ್ಟಿ ತಾನೇ ತುಂಬಿ ಕಾಯುತ್ತಿತ್ತು. ಈ ಊರಿನ ಎಷ್ಟೋ ಮನೆಗಳಲ್ಲಿ ಹಾಗೇ. ಒಂದು ಚಳಿಗಾಲದ ಬೆಳಿಗ್ಗೆ ಎದೆನೋವೆಂದು ಆಸ್ಪತ್ರೆಗೆ ಹೋದ ಅಣ್ಣ ಹಿಂತಿರುಗಲಿಲ್ಲ. ಆ ಸಂಜೆಯೂ ತೊಟ್ಟಿ ತುಂಬಿ ಕಾದಿತ್ತು. ಆಮೇಲೆ ಅವರೇ ಹೋಗಿ ಆ ಏರ್ಪಾಡನ್ನು ಆರಿಸಿದರು.

ನಾನು ವಿದ್ಯುತ್ತು ಕಡಿದು ಹಚ್ಚಿದಾಗ ಹಳೇ ಬಾಯ್ಲರಿಗೆ ಮರೆತದ್ದೆಲ್ಲ ನೆನಪಾಗಿ, ಅಣ್ಣನ ಐದರ ಏರ್ಪಾಡು ತಾನಾಗಿ ಮತ್ತೆ ಶುರುವಾಗಿತ್ತು. ನೀರು ಕಾದು, ಹಬೆ ಹಜಾರಕ್ಕೆ ನುಗ್ಗಿ, ಆ ಬೆಚ್ಚಗಿನ ಅಲುಗಾಟವನ್ನು ನನ್ನ ಜಾಣ ಯಂತ್ರ ಮನುಷ್ಯನೆಂದುಕೊಂಡಿತ್ತು. ನಾವು ಮೂರು ಜನ ಬದುಕಿರುವವರ ಅಭ್ಯಾಸ ಕಲಿಯಲೆಂದು ತಂದದ್ದು, ಸತ್ತವರೊಬ್ಬರ ಅಭ್ಯಾಸ ಕಲಿತಿತ್ತು. ಬಕೆಟ್ಟು ಚೊಂಬಿನವರಲ್ಲದೆ ಬೇರೆ ಯಾರೇ ಬಾಡಿಗೆಗೆ ಬಂದಿದ್ದರೂ ಆ ಹೆಣ್ಣುದನಿ ಕೇಳಿದ ದಿನವೇ ವಿಷಯ ತಿಳಿದು, ಬಟ್ಟೆ ಬಿಚ್ಚಿ ನೀರಿಗಿಳಿಯುತ್ತಿದ್ದರು. ಕಿಕುಚಿ-ಸಾನ್ ತಗ್ಗಿದ ದನಿಯಲ್ಲಿ ಹೇಳಿದರು: "ಹಬೆ ಮತ್ತೆ ಕಂಡ ದಿನ ನನಗೆ ಏನನ್ನಿಸಿತೆಂದು ಹೇಳಿದರೆ ನೀವು ನಗುತ್ತೀರಿ. ಅಣ್ಣ ಬಂದ ಅಂದುಕೊಂಡೆ. ಆಮೇಲೆ, ನೀವೇ ಐದಕ್ಕೆ ಸ್ನಾನ ಮಾಡುವವರಿರಬೇಕೆಂದುಕೊಂಡೆ. ಆದರೂ ಕಿಟಕಿಗೆ ಬರುವುದು ಬಿಡಲಿಲ್ಲ. ಈಗಲೇ ಬಂದು ಆರಿಸಿಕೊಡುತ್ತೇನೆ."

ಅವರು ಬಂದರು. ಚೈತ್ರಾ ಮೇಲೆ ನಿದ್ದೆಹೋಗಿದ್ದಳು; ಕೆಳಗೆ ಅತ್ತೆ ಇದ್ದರು, ಮಡಿಲಲ್ಲಿ ಪಾಪು. ನಾನು ಎಲ್ಲವನ್ನೂ ಕನ್ನಡದಲ್ಲಿ ಹೇಳುತ್ತಿದ್ದ ಹಾಗೆ ಹೊರಗೆ ಕಂಬದ ರಾಗ ಶುರುವಾಯಿತು. ಕಿಕುಚಿ-ಸಾನ್ ಅಡುಗೆಮನೆಯ ಫಲಕದ ಮುಂದೆ ನಿಂತು ಒಂದು ಗುಂಡಿಯ ಮೇಲೆ ಬೆರಳಿಟ್ಟರು. ಬೆರಳು ಅಲ್ಲೇ ನಿಂತಿತು. ಹಿತ್ತಲಲ್ಲಿ ದುಂ ಎಂದಿತು, ಬಚ್ಚಲಲ್ಲಿ ನೀರು ಬೀಳತೊಡಗಿತು. ಅವರು ಕಣ್ಣು ಮುಚ್ಚಿದರು. ಬೆರಳು ಮಾತ್ರ ಒತ್ತುತ್ತಲೂ ಇಲ್ಲ, ತೆಗೆಯುತ್ತಲೂ ಇಲ್ಲ. ನನಗೆ ಒಳಗೊಳಗೇ ಆತುರ. ಒತ್ತಿಬಿಟ್ಟರೆ ನನ್ನ ಮಗು ನನ್ನ ಮನೆಯಲ್ಲಿ ಉಳಿಯುತ್ತದೆ. ಒತ್ತಿ ಎಂದು ಯಾವ ಭಾಷೆಯಲ್ಲಿ ಹೇಳುವುದೆಂದು ಯೋಚಿಸುತ್ತಿದ್ದೆ.

ಅತ್ತೆ ಎದ್ದರು. ಪಾಪುವನ್ನು ನನ್ನ ಕೈಗೆ ಕೊಟ್ಟು, ಹೋಗಿ ಕಿಕುಚಿ-ಸಾನ್ ಅವರ ಮಣಿಕಟ್ಟು ಹಿಡಿದು ಮೆಲ್ಲಗೆ ಆ ಗುಂಡಿಯಿಂದ ತೆಗೆದರು. "ಬಿಡಿ ಅಮ್ಮಾ, ಬಿಡಿ," ಎಂದರು ಕನ್ನಡದಲ್ಲೇ. ಆಮೇಲೆ ನನ್ನತ್ತ ತಿರುಗಿ ರೇಗಿದರು. "ಇದು ಅವ್ರ ತೌರುಮನೆ ಕಣ್ರೀ! ಅಣ್ಣನ ಒಲೆನ ತಂಗಿ ಕೈಲಿ ಆರಿಸ್ತಾರೇನ್ರೀ ಯಾರಾದ್ರೂ? ಮೊದಲೇ ಕೇಳ್ಬಾರ್ದಿತ್ತಾ ನೀವು?" ಆ ಹೊತ್ತಿಗೆ ಬಚ್ಚಲಿನ ಹೆಂಗಸು ನೀರು ಕಾದಿದೆ ಎಂದಳು. ಅತ್ತೆ ಅಲ್ಲಿಂದಲೇ "ಬಂದೆ" ಎಂದು ಉತ್ತರ ಕೊಟ್ಟು, ಚೊಂಬು ಹಿಡಿದು ಹೋಗಿ ತೊಟ್ಟಿಯಿಂದ ಬಿಸಿನೀರು ಮೊಗೆದು ಬಕೆಟ್ಟಿಗೆ ತುಂಬಿದರು. ಕಾಲು ನೀಡಿ ಕೂತು, ಕಾಲಿನ ಮೇಲೆ ಪಾಪುವನ್ನು ಮಲಗಿಸಿ ಎಣ್ಣೆ ತಿಕ್ಕಿದರು. ಪಕ್ಕದಲ್ಲಿ ಕಿಕುಚಿ-ಸಾನ್ ಮಂಡಿಯೂರಿ ಕೂತು ನೀರು ಹುಯ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು, ಆದರೂ ಸ್ನಾನ ಮುಗಿಯುವವರೆಗೂ ಇಬ್ಬರೂ ಬಾಯಿ ಮುಚ್ಚಲಿಲ್ಲ. ಕಿಕುಚಿ-ಸಾನ್ ಅತ್ತರು. ಬಾಗಿಲಲ್ಲಿ ನಿಂತಿದ್ದ ನನಗೂ ಕಣ್ಣು ತುಂಬಿತು, ಸೀಗೆಪುಡಿ ಹಾರಿತೆಂದೆ.

ಮೈಸೂರಿನ ಪ್ರಯಾಣ ನಿಂತಿತು. ಮಗು ಹೆದರುವುದಿಲ್ಲವೇ ಎಂದು ಮೆಲ್ಲಗೆ ಅತ್ತೆಯನ್ನು ಕೇಳಿದರೆ, "ಹಿರಿಯರು ಕಾಯಿಸಿಕೊಡೋ ನೀರಿಗೆ ಯಾಕೆ ಹೆದರ್ಬೇಕು? ಹೊತ್ತಿಗೆ ಸರಿಯಾಗಿ ಮನೆಗೆ ಬರೋ ಗಂಡಸು ಈ ಮನೇಲಿ ಅವ್ರೊಬ್ಬರಾದ್ರೂ ಇದಾರಲ್ಲ" ಎಂದರು. ಚೈತ್ರಾ ಮೇಲಿಂದ ಕೆಳಗಿಳಿದು ಬಂದು ಜೋರಾಗಿ ನಕ್ಕಳು. ಆ ನಗು ನನ್ನ ಪರವಾಗಿದ್ದಂತೆ ಕಾಣಲಿಲ್ಲ. ಥರ್ಮೋಸ್ಟಾಟು ಐದರ ಸದಸ್ಯರ ಹೆಸರು ನಮೂದಿಸಲು ಪದೇ ಪದೇ ಕೇಳುತ್ತಿತ್ತು. ಅತ್ತೆ ಕಿಕುಚಿ-ಸಾನ್ ಅಣ್ಣಯ್ಯ ಎಂದು ಬರೆದರು.

ಎಲ್ಲ ನೆಮ್ಮದಿಯಾಗಿ ನಡೆಯುತ್ತಿತ್ತು. ಮೊನ್ನೆ ನಾನು ಮೊರಿ-ಸಾನ್ ಅವರ ಬೆನ್ನನ್ನೇ ನೋಡುತ್ತಾ ಕೂತಿದ್ದಾಗ ಮೊಬೈಲ್ ನಡುಗಿತು. ತೆರೆದೆ. 'ನಿಮ್ಮ ಗೃಹದಲ್ಲಿ ಮೂವರು ಸದಸ್ಯರು ಸಕ್ರಿಯರಾಗಿದ್ದಾರೆ' ಎಂದಿತ್ತು. ಚೈತ್ರಾ, ಅತ್ತೆ, ಕಿಕುಚಿ-ಸಾನ್ ಅಣ್ಣಯ್ಯ. ಪಾಪುವಿಗೆ ಮೊಬೈಲಿಲ್ಲದ್ದರಿಂದ ಯಂತ್ರದ ಪ್ರಕಾರ ಅದಿನ್ನೂ ಹುಟ್ಟಿಲ್ಲ. ಕೆಳಗೆ ಬೂದುಬಣ್ಣದಲ್ಲಿ ನನ್ನ ಹೆಸರಿತ್ತು. ನಾನು ಮನೆ ಸೇರುವ ಹೊತ್ತಿಗೆ ದಿನವೂ ನನ್ನ ಮೊಬೈಲ್ ಸತ್ತಿರುತ್ತದೆ, ಥರ್ಮೋಸ್ಟಾಟೂ ಮಲಗಿರುತ್ತದೆ. ರಜೆಯ ದಿನ ಮೊರಿ-ಸಾನ್ ಅವರ ಕರೆಗೆ ಹೆದರಿ ಮೊಬೈಲನ್ನು ನಾನೇ ಆರಿಸಿಟ್ಟಿರುತ್ತೇನೆ. ಹಾಗಾಗಿ ನಾನು ಬಂದದ್ದು ಅದಕ್ಕೆ ಗೊತ್ತೇ ಇಲ್ಲ. 'ಈ ಸದಸ್ಯರ ಉಪಸ್ಥಿತಿ ಬಹುಕಾಲದಿಂದ ಪತ್ತೆಯಾಗಿಲ್ಲ. ಇವರನ್ನು ಗೃಹದಿಂದ ತೆಗೆದುಹಾಕಬೇಕೇ?' ಎಂದು ಕೇಳಿತ್ತು. 'ಬೇಡ' ಎಂಬುದನ್ನು ಒತ್ತಿದೆ. ಯಂತ್ರ ಸ್ವಲ್ಪ ಹೊತ್ತು ಯೋಚಿಸಿತು. 'ಇವರು ಇದೇ ಗೃಹದ ಸದಸ್ಯರೆಂದು ನಿಮಗೆ ಖಚಿತವೇ?' ಎಂದಿತು. ಹೊರಗೆ ಕಂಬದ ಮೇಲೆ ಐದರ ರಾಗ ಶುರುವಾಯಿತು. ನಾನಿನ್ನೂ ಕಚೇರಿಯಲ್ಲೇ ಇದ್ದೆ.